ಗಾಜಿನೊಳಗೆ ಇಳಿದ ರಂಗೋಲಿ

ಅವರ ಕನ್ನಡಕದ ಎರಡು ಗಾಜಿನಲ್ಲೂ ಹಸಿರು ಅಕ್ಷರಗಳು ಇರುವೆ ಸಾಲಿನ ಹಾಗೆ ಹರಿಯುತ್ತಿದ್ದವು. ಅದರ ಹಿಂದೆ ಕಣ್ಣು ಇದೆಯೋ ಇಲ್ಲವೋ ಅಂತ ಅನುಮಾನ ಬರಬೇಕು, ಹಾಗೆ. ಮೊದಲ ದಿನ ನಾನು ಪೊರಕೆ ಹಿಡಿದು ಆ ಕೋಣೆಯ ಬಾಗಿಲು ತಳ್ಳಿದಾಗ ಕಿಟಕಿಯೆಲ್ಲ ಮುಚ್ಚಿತ್ತು. ಒಳಗೆ ಕತ್ತಲೆ. ಕತ್ತಲೆಯಲ್ಲಿ ಒಂದು ಮುಖ, ಹಣೆಯಿಂದ ಗದ್ದದವರೆಗೂ ಹಸಿರು. "ಅಯ್ಯಪ್ಪಾ" ಅಂದುಬಿಟ್ಟೆ. ಮುಖ ನನ್ನ ಕಡೆ ತಿರುಗಿತು.

"ಹೆದರಬೇಡಿ ಅಮ್ಮಾ. ನಾನೂ ಮನುಷ್ಯನೇ."

ಅವರೇ ನಮ್ಮ ಟೀವಿ ಸಾರ್.

ಹೆಸರು ನನಗೆ ಗೊತ್ತು, ಬರೆಯುವುದಿಲ್ಲ. ಬದುಕಿದ್ದಾಗ ನಾನು ಅವರನ್ನು ಹೆಸರು ಹಿಡಿದು ಕರೆದವಳಲ್ಲ, ಈಗಲೂ ಬಾಯಿ ಬರುವುದಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು, ಜಾವಗಲ್ಲಿನಲ್ಲಿ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಿ. ಇಷ್ಟು ವರ್ಷ ಸುಮ್ಮನಿದ್ದು ಈಗ ಯಾಕೆ ಬರೆಯಲು ಕೂತೆ ಅಂದರೆ, ಹೋದ ಗುರುವಾರ ನಾನು ಅಜ್ಜಿಯಾದೆ! ಮಗಳ ಮದುವೆಯಾಗಿ ಹನ್ನೆರಡು ವರ್ಷಕ್ಕೆ ಮಗು. ಹೆಣ್ಣು. ಇಲ್ಲೇ ಪಕ್ಕದಲ್ಲಿ ಮಲಗಿದೆ. ಈ ನಾಲ್ಕು ಸಾಲು ಬರೆಯುವಷ್ಟರಲ್ಲಿ ಮೂರು ಸಲ ಎದ್ದು ಹೋಗಿ ಮೂಗು ನೋಡಿ ಬಂದಿದ್ದೀನಿ. ಸಂತೋಷ ಮೈಯಲ್ಲಿ ಹಿಡಿಸುತ್ತಿಲ್ಲ, ಪಕ್ಕದ ಮನೆಯವರಿಗೆ ಹೇಳಿದ್ದನ್ನೇ ಹೇಳಿ ಅವರು ಬಾಗಿಲು ಹಾಕಿಕೊಳ್ಳೋ ಹಾಗಾಗಿದೆ. ಇಷ್ಟು ಸಂತೋಷ ಬಂದಾಗಲೇ ನೋಡಿ, ಎದೆಯಲ್ಲಿ ಮುಳ್ಳೊಂದು ಉಳಿದಿದ್ದರೆ ಚೆನ್ನಾಗಿ ಚುಚ್ಚುವುದು.

ಎಂಬತ್ತರ ದಶಕ ಅರ್ಧ ಕಳೆದಿತ್ತು. ಅರಸೀಕೆರೆಯಲ್ಲಿ ಟೀವಿ ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಸ್ಟೇಷನ್ ಕಡೆಯ ರಸ್ತೆಯಲ್ಲಿದ್ದ ನಮ್ಮ ಆಫೀಸಿಗೆ (ಅದರ ಹೆಸರೂ ಬೇಡ ಬಿಡಿ) ಲಾರಿಯಲ್ಲಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಬಂತು. ಬಿಚ್ಚಿದರೆ ಟೀವಿಯ ಹಾಗೇ ಇದೆ, ಮುಂದೆ ಟೈಪ್ ಮಾಡುವ ಗುಂಡಿಗಳು. ನಿಜವಾದ ಕಂಪ್ಯೂಟರ್ ಬೆಂಗಳೂರಲ್ಲಿ ಒಂದು ಕೋಣೆ ತುಂಬ ಇದೆಯಂತೆ. ನಮಗೆ ಬಂದದ್ದು ಅದರ ಕಣ್ಣು ಬಾಯಿ ಮಾತ್ರ, ನಡುವೆ ಟೆಲಿಫೋನ್ ತಂತಿ. ನಮ್ಮ ಕಡೆಯಿಂದ ಯಾವ ಕೊಬ್ಬರಿ ಲೋಡು ಯಾವ ಊರಿಗೆ ಹೊರಟಿತು, ಯಾವುದು ತಲುಪಿತು ಅಂತ ಇಲ್ಲಿ ಒತ್ತಿದರೆ ಅಲ್ಲಿ ಗೊತ್ತಾಗುತ್ತಿತ್ತು. ಅದನ್ನು ಒತ್ತುವುದಕ್ಕೆ ಅಂತಲೇ ಬಂದವರು ಇವರು.

ಜನಕ್ಕೆ ಅದೆಲ್ಲ ಬೇಕೆ? ಕೊಬ್ಬರಿ ಹಾಕಲು ಬಂದವರು, ರೈಲು ತಪ್ಪಿಸಿಕೊಂಡವರು, ಎಲ್ಲ ಕಿಟಕಿ ಸರಳು ಹಿಡಿದು ಒಳಗೆ ಇಣುಕೋರು.

"ಸಾರ್, ಚಿತ್ರ ಎಷ್ಟೊತ್ಗೆ ಬತ್ತೈತೆ?"

"ಇದರಲ್ಲಿ ಚಿತ್ರ ಬರಲ್ಲಪ್ಪ. ಬರೀ ಅಕ್ಷರ."

"ಅಕ್ಷರ ನೋಡಕ್ಕೆ ಟೀವಿ ಯಾಕ್ ಸಾರ್ ಬೇಕು? ಗ್ವಾಡೆ ಮ್ಯಾಲೆ ಬರ್ದಿಲ್ವಾ!"

ನಗುತ್ತಾ ಹೋಗುತ್ತಿದ್ದರು. ಸಾರ್ ಮುಖ ಮಾತ್ರ ಸಪ್ಪಗಾಗೋದು. ಊಟಕ್ಕೆ ಕರೆದು ಬರಿಹೊಟ್ಟೇಲಿ ಕಳಿಸಿದವರ ಮುಖ ಇರುತ್ತಲ್ಲ, ಹಾಗೆ. ಆ ಯಂತ್ರ ಅವರದ್ದಲ್ಲ, ಮಾಡಿದವರು ಅವರಲ್ಲ. ಆದರೂ ಅದಕ್ಕೆ ಚಿತ್ರ ಬರೋದಿಲ್ಲ ಅನ್ನೋದು ಅವರಿಗೆ ತಮ್ಮ ಮನೆಯದೇ ಕೊರತೆ ಅನ್ನಿಸಿಬಿಟ್ಟಿತ್ತು.

ಅವರು ಬಸ್ತಿಹಳ್ಳಿಯ ಜೈನರು. ವಯಸ್ಸು ನಲವತ್ತು ದಾಟಿತ್ತು, ಮದುವೆ ಆಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ ಹಾಕಿ ಅರಸೀಕೆರೆಯಲ್ಲಿ ಒಂದು ಕೋಣೆ ಹಿಡಿದಿದ್ದರು. ಹೊತ್ತು ಮುಳುಗಿದ ಮೇಲೆ ಉಣ್ಣುವಂತಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ, ನೆಲದೊಳಗೆ ಬೆಳೆಯುವುದು ಯಾವುದೂ ಆಗದು. ಹೀಗಿರುವಾಗ ಆಫೀಸಿನವರ ಜೊತೆ ಹೋಟೆಲು ಎಲ್ಲಿ, ಹರಟೆ ಎಲ್ಲಿ? ಸಂಜೆ ಐದೂವರೆಗೆ ಕಿಟಕಿಯ ಒಂದು ಬಾಗಿಲು ತೆಗೆದು ಸೂರ್ಯ ಎಲ್ಲಿದ್ದಾನೆ ನೋಡೋರು. ಮೇಜಿನ ಒಂದು ಮೂಲೆ ಒರೆಸಿ, ತಾವೇ ಮಾಡಿ ತಂದ ಅನ್ನ ಹೆಸರುಬೇಳೆ ಉಣ್ಣೋರು. ಉಳಿದವರು ಗುಂಪುಗೂಡಿ ಮಸಾಲೆದೋಸೆಗೆ ಹೊರಡುವ ಹೊತ್ತಿಗೆ ಇವರ ಡಬ್ಬಿ ತೊಳೆದು ಬೋರಲು ಬಿದ್ದಿರೋದು. ಮೊದಮೊದಲು ಕರೀತಿದ್ದರು, ಆಮೇಲೆ ಕರೆಯೋದನ್ನೂ ಬಿಟ್ಟರು.

ಭಾನುವಾರ ಬಂತೆಂದರೆ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿ ಬಸ್ತಿಹಳ್ಳಿಗೆ.

"ಅಲ್ಲಿ ಯಾರಿದಾರೆ ಸಾರ್ ಈಗ?" ಅಂತ ಒಂದು ಸಲ ಕೇಳಿದೆ.

"ಬಸದಿಯ ಕಂಬ ಇದಾವಲ್ಲ ಅಮ್ಮಾ, ಕನ್ನಡಿ ಹಾಗೆ ಮುಖ ತೋರಿಸ್ತವೆ. ಎದುರಿಗೆ ನಿಂತರೆ ನಾವು ಇಬ್ಬರಾಗ್ತೀವಿ."

ನಗಲಿ ಅಂತಲೇ ಹೇಳಿದ್ದು. ನನಗೆ ನಗು ಬರಲಿಲ್ಲ.

ಇನ್ನು ನನ್ನ ಕಥೆ. ನನ್ನ ಯಜಮಾನರು ಅದೇ ಆಫೀಸಿನ ಲಾರಿ ಓಡಿಸುತ್ತಿದ್ದರು. ಕಾಮಾಲೆ ಬಂದು ಹದಿನೈದು ದಿನದಲ್ಲಿ ಹೋಗಿಬಿಟ್ಟರು. ನನಗೆ ಇಪ್ಪತ್ತಾರು, ಮಗಳಿಗೆ ನಾಲ್ಕು. ಅವರು ಹೋದದ್ದಕ್ಕೆ ಅಂತ ನನಗೆ ಕಸ ಗುಡಿಸುವ ಕೆಲಸ ಕೊಟ್ಟರು, ಕಾಯಂ ಅಲ್ಲ, "ನೋಡೋಣ" ಅಂತ. ಮನೆಯಲ್ಲಿ ಅತ್ತೆ. ಅವರು ಕೆಟ್ಟವರಲ್ಲ, ಇದ್ದ ಒಬ್ಬ ಮಗನನ್ನು ಮಣ್ಣಿಗೆ ಕೊಟ್ಟವರು. ಹನ್ನೊಂದನೇ ದಿನ ಮುಗಿಯುತ್ತಲೇ ರಂಗೋಲಿ ಪುಡಿಯ ಕರಟವನ್ನು ಎತ್ತಿ ಅಟ್ಟದ ಮೇಲೆ ಇಟ್ಟರು. ಗಂಡ ಸತ್ತವಳು ಬಾಗಿಲಿಗೆ ರಂಗೋಲಿ ಇಡುವ ಹಾಗಿಲ್ಲ, ಅಷ್ಟೆ.

ನನಗೆ ಹೂವು ಹೋದದ್ದು, ಬಳೆ ಹೋದದ್ದು ಅಷ್ಟು ಅನ್ನಿಸಲಿಲ್ಲ. ರಂಗೋಲಿ ಹೋದದ್ದು ಬೆರಳು ಹೋದ ಹಾಗಾಯಿತು. ಏಳು ವರ್ಷದವಳಿದ್ದಾಗಿಂದ ಒಂದು ಬೆಳಿಗ್ಗೆ ತಪ್ಪಿಸಿದವಳಲ್ಲ. ಧನುರ್ಮಾಸದಲ್ಲಿ ನನ್ನ ರಂಗೋಲಿ ನೋಡೋದಕ್ಕೆ ಅಂತ ಮುಂದಿನ ಬೀದಿಯವರು ಸುತ್ತು ಹಾಕಿಕೊಂಡು ನೀರಿಗೆ ಹೋಗುತ್ತಿದ್ದರು. ಈಗ ಎದುರುಮನೆ ಹುಡುಗಿ ಬಂದು ನಮ್ಮ ಬಾಗಿಲಿಗೆ ಸೊಟ್ಟಂಪಟ್ಟ ನಾಲ್ಕು ಗೆರೆ ಎಳೆದು ಓಡುತ್ತಿದ್ದಳು. ಅದನ್ನು ದಾಟಿ ದಿನಾ ಕೆಲಸಕ್ಕೆ ಹೋಗಬೇಕು. ಒಂದು ಚುಕ್ಕಿ ಜಾಗ ತಪ್ಪಿದ್ದರೂ ನನ್ನ ಕೈ ತಾನಾಗಿ ಬಗ್ಗುತ್ತಿತ್ತು, ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ.

ಈ ಸ್ಥಿತಿಯಲ್ಲಿ ನಾನು ಸಾರ್ ಕೋಣೆ ಗುಡಿಸುತ್ತಿದ್ದದ್ದು.

ಅವರು ಸಂಜೆ ಊಟವಾದ ಮೇಲೆ ಕೆಲಸದ ಹೊತ್ತು ಮುಗಿದರೂ ಹೋಗುತ್ತಿರಲಿಲ್ಲ. ಚೌಕುಳಿ ಗೆರೆಯ ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ಪರದೆ ಮುಂದೆ ಕೂರುತ್ತಿದ್ದರು. ಭಾನುವಾರ ಊರ ಪಕ್ಕದ ಹಳೇಬೀಡಿನ ಗುಡಿಗೆ ಹೋಗಿ, ಗೋಡೆಯ ಕೆಳಗೆ ಸಾಲುಗಟ್ಟಿದ ಆನೆಗಳಲ್ಲಿ ಒಂದನ್ನು ಆ ಚೌಕದೊಳಗೆ ಬರೆದುಕೊಂಡು ಬಂದಿದ್ದರು. ಅವರ ಯೋಚನೆ ಏನೆಂದರೆ, ಈ ಪರದೆಗೆ ಅಕ್ಷರ ಬಿಟ್ಟು ಬೇರೆ ಗೊತ್ತಿಲ್ಲ, ಸರಿ. ಅಕ್ಷರದಲ್ಲೇ ಆನೆ ಮಾಡಿದರೆ? ಅಡ್ಡಕ್ಕೆ ಎಂಬತ್ತು ಮನೆ, ಉದ್ದಕ್ಕೆ ಇಪ್ಪತ್ತನಾಲ್ಕು. ನೆರಳಿರುವ ಕಡೆ ತುಂಬಿದ ಅಕ್ಷರ, ಬೆಳಕಿರುವ ಕಡೆ ಬರೀ ಚುಕ್ಕಿ, ಏನೂ ಬೇಡದ ಕಡೆ ಖಾಲಿ. ಒಂದೊಂದೇ ಚೌಕ ನೋಡಿ ಒಂದೊಂದೇ ಗುಂಡಿ ಒತ್ತುತ್ತಿದ್ದರು. ಆಮೇಲೆ ಎದ್ದು ಹಿಂದಿನ ಗೋಡೆಗೆ ಆನಿಕೊಂಡು, ಕನ್ನಡಕ ತೆಗೆದು, ಕಣ್ಣು ಕಿರಿದು ಮಾಡಿ ನೋಡೋರು. ಕಣ್ಣು ಚೆನ್ನಾಗಿ ಕಾಣಲಿ ಅಂತ ಎಲ್ಲರೂ ಕನ್ನಡಕ ಹಾಕಿದರೆ ಇವರು ಕಾಣದಿರಲಿ ಅಂತ ತೆಗೆಯುತ್ತಿದ್ದರು!

ಒಂದು ಸಂಜೆ ನಾನು ಕಸದ ಬುಟ್ಟಿ ಎತ್ತಲು ಹೋದೆ. ಪರದೆ ಕಡೆ ಕಣ್ಣು ಹೋಯಿತು. ಕಿಸಕ್ಕನೆ ನಕ್ಕುಬಿಟ್ಟೆ.

"ಯಾಕಮ್ಮಾ?"

"ಏನಿಲ್ಲ ಸಾರ್."

"ಹೇಳಿ. ಏನು ಕಾಣುತ್ತೆ ನಿಮಗೆ?"

"ಆನೇನೇ ಸಾರ್... ಆದ್ರೆ ತಿಂಗಳಿಂದ ಮೇವು ಕಂಡಿಲ್ಲ ಪಾಪ. ಕಾಲು ನೋಡಿ, ಒಂಟೆ ಕಾಲು."

ಅವರು ಬೈಯಲಿಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ ನನ್ನನ್ನೇ ನೋಡಿದರು. "ನಾಲ್ಕು ವಾರದಿಂದ ತಲೆ ಕೆಡಿಸ್ಕೊಂಡಿದೀನಿ. ಪುಸ್ತಕದಲ್ಲಿ ಸರಿಯಾಗಿದೆ. ಇಲ್ಲಿ ಹಾಕಿದ ತಕ್ಷಣ ಹೀಗೆ ಉದ್ದಕ್ಕೆ ಎಳೆದುಕೊಂಡು ಬಿಡುತ್ತೆ."

ನಾನು ಸೆರಗಿಗೆ ಕೈ ಒರೆಸಿಕೊಂಡು ಹೆಬ್ಬೆರಳು ತೋರುಬೆರಳು ಅಗಲಿಸಿ ಗಾಜಿನ ಮೇಲೆ ಇಟ್ಟು ಅಳೆದೆ. ಚುಕ್ಕಿ ಇಡುವವರಿಗೆ ಇದು ಹೇಳಿಕೊಡಬೇಕೆ? "ಸಾರ್, ನಿಮ್ಮ ಚುಕ್ಕಿ ಅಡ್ಡಕ್ಕೆ ಒತ್ತೊತ್ತಾಗಿದಾವೆ, ಸಾಲಿಂದ ಸಾಲಿಗೆ ದೂರ ಇದಾವೆ. ಇಲ್ಲಿ ಒಂದು ಸಾಲು ಹಿಡಿಸೋ ಜಾಗದಲ್ಲಿ ಅಡ್ಡಕ್ಕೆ ಎರಡು ಹಿಡಿಸ್ತವೆ. ಪುಸ್ತಕದಲ್ಲಿ ಒಂದು ಮನೆ ಇದ್ರೆ ಇಲ್ಲಿ ಪಕ್ಕಪಕ್ಕ ಎರಡು ಒತ್ತಿ, ಆನೆ ಹೊಟ್ಟೆ ತುಂಬುತ್ತೆ."

ಅವರು ಸ್ಕೇಲು ತೆಗೆದು ಗಾಜಿಗೆ ಹಿಡಿದರು. ಆಮೇಲೆ ಸ್ಕೇಲನ್ನು ಮೆತ್ತಗೆ ಮೇಜಿನ ಮೇಲಿಟ್ಟರು.

"ನೀವು ರಂಗೋಲಿ ಚೆನ್ನಾಗಿ ಹಾಕ್ತೀರಾ?"

"ಹಾಕ್ತಿದ್ದೆ."

ಆ ಒಂದು ಮಾತಿಗೆ ಅವರು ತಲೆ ಎತ್ತಿ ನನ್ನ ಹಣೆ ನೋಡಿದರು, ಮತ್ತೆ ಪುಸ್ತಕ ನೋಡಿಕೊಂಡರು. ಮಾರನೆಯ ಸಂಜೆ ನಾನು ಹೋದಾಗ ಪರದೆ ಮೇಲೆ ಆನೆ ಇರಲಿಲ್ಲ, ಖಾಲಿ. ಒಂದು ಸ್ಟೂಲು ಹಾಕಿಟ್ಟಿದ್ದರು.

"ಕೂತ್ಕೊಳ್ಳಿ ಅಮ್ಮಾ. ಇದು ಯಾರ ಮನೆ ಬಾಗಿಲೂ ಅಲ್ಲ, ಇಲ್ಲಿ ಯಾರೂ ಏನೂ ಅನ್ನಲ್ಲ. ನೀವು ಹೇಳ್ತಾ ಹೋಗಿ, ನಾನು ಒತ್ತೀನಿ."

ಪೊರಕೆ ಗೋಡೆಗೆ ಒರಗಿಸಿ ಕೂತೆ. ಕಸ ಗುಡಿಸುವವಳಿಗೆ ಸ್ಟೂಲು ಹಾಕಿದ್ದಕ್ಕಲ್ಲ. "ಹಾಕ್ತಿದ್ದೆ" ಅಂದದ್ದನ್ನು ಒಬ್ಬರು ಕೇಳಿಸಿಕೊಂಡಿದ್ದರಲ್ಲ, ಅದಕ್ಕೆ.

"ಒಂಬತ್ತು ಚುಕ್ಕಿ ಇಡಿ ಸಾರ್," ಅಂದೆ. "ಒಂದಕ್ಕೊಂದಕ್ಕೆ ಮೂರು ಮನೆ ಬಿಟ್ಟು. ಆಮೇಲೆ ಮೇಲೊಂದು ಕೆಳಗೊಂದು ಸಾಲು ಬಿಟ್ಟು ಎಂಟೆಂಟು, ಸಂದಿಗೆ ಸರಿಯಾಗಿ. ಹಂಗೇ ಐದಕ್ಕೆ ಬಂದು ನಿಲ್ಲಿಸಿ."

ಚುಕ್ಕಿ ಬಂತು. ಹಸಿರು ಚುಕ್ಕಿ, ನಕ್ಷತ್ರದ ಹಾಗೆ. ಆದರೆ ಗೆರೆ ಎಳೆಯುವುದು ಹೇಗೆ? ನೆಲದ ಮೇಲೆ ಬೆರಳ ಸಂದಿನಿಂದ ಪುಡಿ ಬಿಟ್ಟರೆ ಗೆರೆ ಹರಿಯುತ್ತೆ, ಇಲ್ಲಿ ಅದಿಲ್ಲ. ಅವರು ಗುಂಡಿಗಳನ್ನೆಲ್ಲ ಒಂದೊಂದಾಗಿ ಒತ್ತಿ ತೋರಿಸಿದರು. ನಾನು ಆರಿಸಿಕೊಂಡೆ. ಬಲಕ್ಕೆ ವಾಲಿದ ಕಡ್ಡಿ, ಎಡಕ್ಕೆ ವಾಲಿದ ಕಡ್ಡಿ, ದಳ ಬಾಗಿಸಲು ಕಂಸದ ಗುರುತು, ಮೊಗ್ಗಿಗೆ ಒಂದು, ಮುತ್ತಿಗೆ ಒಂದು, ಹೆಣಿಗೆಗೆ ಒಂದು. ನನಗೆ ಇಂಗ್ಲಿಷ್ ಓದಲು ಇವತ್ತಿಗೂ ಬರುವುದಿಲ್ಲ. ಆದರೆ ಅದರ ಒಂದೊಂದು ಅಕ್ಷರ ಯಾವ ಕೆಲಸಕ್ಕೆ ಬರುತ್ತೆ ಅಂತ ಚೆನ್ನಾಗಿ ಗೊತ್ತು! ಅವರಿಗೆ ಅದರಿಂದ ಬಹಳ ಖುಷಿ. "ಎಲ್ಲರೂ ಇದನ್ನ ಓದಕ್ಕೆ ಹೋಗ್ತಾರೆ ಅಮ್ಮಾ, ಅದಕ್ಕೆ ಚಿತ್ರ ಕಾಣಲ್ಲ. ಅಕ್ಷರ ಓದಬಾರದು, ನೋಡಬೇಕು" ಅನ್ನೋರು. ದಿನಕ್ಕೊಂದು ಸಲ ಈ ಮಾತು ಇದ್ದೇ ಇರೋದು.

ಆರು ದಳದ ಹೂವು. ಅದು ಮುಗಿಯಲು ಮೂರು ಸಂಜೆ ಹಿಡಿಯಿತು. ಬೆಂಗಳೂರಿನ ಯಂತ್ರದ ಹೊಟ್ಟೆಗೆ ಅದನ್ನು ಕಳಿಸಿ, ಮತ್ತೆ ಬಾ ಅಂತ ಕರೆದರು. ಮೇಲಿಂದ ಒಂದೊಂದೇ ಸಾಲು ಇಳಿಯಿತು ನೋಡಿ, ಮಗ್ಗದಲ್ಲಿ ಸೀರೆ ನೇಯ್ದ ಹಾಗೆ. ಇಬ್ಬರೂ ಹಿಂದಿನ ಗೋಡೆಗೆ ಆನಿಕೊಂಡು ನೋಡಿದೆವು. ಅವರು ಕನ್ನಡಕ ತೆಗೆದರು. ನನಗೆ ತೆಗೆಯುವುದಕ್ಕೆ ಕನ್ನಡಕ ಇರಲಿಲ್ಲ, ಕಣ್ಣು ತಾನಾಗಿ ಮಂಜಾಗಿತ್ತು.

ಮರುದಿನ ಅವರು ಕಿಟಕಿ ತೆಗೆದಿಟ್ಟರು. ಅದೇ ಜನ, ಅದೇ ಸರಳು.

"ಓ, ಟೀವಿ ಸಾರ್ ಟೀವೀಲಿ ಹೂವ ಬಿಟ್ಟೈತೆ ಕಣ್ರೋ!"

ಅವತ್ತು ಅವರ ಮುಖ ನೋಡಬೇಕಿತ್ತು ನೀವು.

ಇನ್ನು ತಪ್ಪಿನ ವಿಷಯಕ್ಕೆ ಬರುತ್ತೀನಿ. ತಪ್ಪು ನನ್ನದೇ. ಅವತ್ತು ಸಂಜೆ ಅವರು ಮನೆಗೆ ಹೊರಡುವಾಗ ಪರದೆ ಅಳಿಸಲು ಕೈ ಇಟ್ಟರು. ನಾನು ತಡೆದೆ.

"ಬ್ಯಾಡ ಸಾರ್. ಹಾಕಿದ ರಂಗೋಲೀನ ಅವತ್ತೇ ಕೈಯಾರೆ ಅಳಿಸಬಾರದು. ಬೆಳಿಗ್ಗೆ ನಾನೇ ಬಂದು ಗುಡಿಸ್ತೀನಿ."

ಗುಡಿಸ್ತೀನಿ ಅಂದದ್ದಕ್ಕೆ ನಕ್ಕರು. ಆದರೆ ನನ್ನ ಮಾತು ನಡೆಸಿದರು. ಯಾವ ಗುಂಡಿ ಒತ್ತಿದರೆ ಪರದೆ ಖಾಲಿಯಾಗುತ್ತೆ ಅಂತ ತೋರಿಸಿಕೊಟ್ಟರು. ಅಂದಿನಿಂದ ಅದೇ ಪದ್ಧತಿಯಾಯಿತು. ಸಂಜೆ ಅವರು ರಂಗೋಲಿ ಕರೆದು, ಬೆಳಕು ಪೂರ್ತಿ ಏರಿಸಿ, ಬಾಗಿಲಿಗೆ ಬೀಗ ಹಾಕಿ ಹೋಗೋರು. ಬೆಳಿಗ್ಗೆ ಆರೂವರೆಗೆ ನಾನು ಬೀಗ ತೆಗೆದರೆ ಕತ್ತಲೆ ಕೋಣೆಯಲ್ಲಿ ನನ್ನ ಹೂವು ಅರಳಿಕೊಂಡು ಕಾಯುತ್ತಿರೋದು. ಸ್ವಲ್ಪ ಹೊತ್ತು ನೋಡಿ, ಗುಂಡಿ ಒತ್ತಿ, ಕಸ ಗುಡಿಸೋದು. ಕರೆಂಟು ಹೋದ ದಿನ ಪರದೆ ಕಪ್ಪಗಿದ್ದರೆ ಯಾರೋ ತುಳಿದು ಹೋದ ಹಾಗೆ ಸಂಕಟ. ಹೊಸದು ಹಾಕೋಣ ಅಂದರೆ ಒಂದಕ್ಕೆ ಮೂರು ಸಂಜೆ ಬೇಕು, ಅವರಿಗೆ ಆನೆಯೂ ಮುಗಿಯಬೇಕು. ಹಾಗಾಗಿ ದಿನಾ ಅದೇ ಹೂವು, ಅದೇ ಜಾಗ. ಒಂದು ಮಳೆಗಾಲ ಕಳೆಯಿತು, ಚಳಿಗಾಲ ಕಳೆಯಿತು.

ಒಂದು ಬೆಳಿಗ್ಗೆ ಗುಂಡಿ ಒತ್ತಿದೆ, ಹೂವು ಹೋಗಲಿಲ್ಲ. ಹಸಿರು ಹೋಯಿತು, ಹೂವು ನಿಂತಿತು. ಬೂದಿ ಬಣ್ಣದಲ್ಲಿ, ತೆಳ್ಳಗೆ. ಮತ್ತೆ ಒತ್ತಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಸೆರಗಿನಲ್ಲಿ ಉಜ್ಜಿದೆ. ಸಾರ್ ಬಂದರು, ಬಗ್ಗಿ ನೋಡಿದರು, ಬೆರಳಿಂದ ಒಂದು ದಳ ಮುಟ್ಟಿದರು.

"ಇದು ಹೋಗಲ್ಲ ಅಮ್ಮಾ. ಒಂದೇ ಜಾಗದಲ್ಲಿ ದಿನಾ ದೀಪ ಇಟ್ಟರೆ ಗೋಡೆ ಕಪ್ಪಾಗಲ್ವೇ, ಹಾಗೆ. ಗಾಜಿನೊಳಗೆ ಇಳಿದುಬಿಟ್ಟಿದೆ."

"ಅಯ್ಯೋ ಸಾರ್, ನನ್ನಿಂದ—"

"ನನಗೆ ಗೊತ್ತಿರಬೇಕಿತ್ತು. ನಿಮಗೆ ಹೇಗೆ ಗೊತ್ತಾಗಬೇಕು?"

ಅಂದಿನಿಂದ ಸಂಜೆ ರಂಗೋಲಿ ನಿಂತಿತು. ಆದರೆ ಆಗುವುದು ಆಗಿತ್ತು. ಕೊಬ್ಬರಿ ಲೋಡಿನ ಪಟ್ಟಿ ಬಂದರೂ ಅದರ ಹಿಂದೆ ಆರು ದಳ. ಆಫೀಸಿನವರು ಮೊದಲು ತಮಾಷೆ ಮಾಡಿದರು, ಆಮೇಲೆ ಸುಮ್ಮನಾದರು. ನಾವಿಬ್ಬರು ಮಾತ್ರ ಹೊರಗೆ ಜೀಪಿನ ಸದ್ದಾದರೆ ಬೆಚ್ಚುತ್ತಿದ್ದೆವು.

ಬಂದೇ ಬಿಟ್ಟರು. ಬೆಂಗಳೂರಿನಿಂದ ದೊಡ್ಡ ಸಾಹೇಬರು, ಜೊತೆಗೆ ನಮ್ಮ ಮೇನೇಜರು, ಹಿಂದೆ ಆಫೀಸೆಲ್ಲ. ನಾನು ನೀರಿನ ಬಕೆಟ್ಟು ಹಿಡಿದು ಬಾಗಿಲ ಪಕ್ಕ ನಿಂತಿದ್ದೆ. ಸಾಹೇಬರು ಪರದೆಗೆ ಮೂಗು ತಾಗಿಸಿ ನೋಡಿದರು.

"ಏನ್ರೀ ಇದು?"

ಸಾಹೇಬರು ಬೆರಳಿಂದ ಗಾಜು ಉಜ್ಜಿ ನೋಡಿದರು.

"ಇಷ್ಟು ದೊಡ್ಡ ಯಂತ್ರ ಹಾಳು ಮಾಡಿದೀರಲ್ರೀ. ಯಾರು ಹಾಕಿದ್ದು ಈ ರಂಗೋಲಿ?"

"ನಾನು ಸಾರ್," ಅಂದರು ಟೀವಿ ಸಾರ್. "ಬಿಡುವಿದ್ದಾಗ ಹಾಕಿದೆ."

"ನೀವು! ಯಾಕ್ರೀ, ಮನೇಲಿ ಹಾಕೋದಕ್ಕೆ ಹೆಂಡ್ತಿ ಇಲ್ವಾ?"

ಹಿಂದೆ ನಿಂತವರು ನಕ್ಕರು.

"ಇಲ್ಲ ಸಾರ್," ಅಂದರು.

ಇನ್ನೂ ಜೋರಾಗಿ ನಕ್ಕರು. ಅವರು ನಿಂತೇ ಇದ್ದರು, ಕೈಯಲ್ಲಿ ಕನ್ನಡಕ. ನನ್ನ ಕಡೆ ನೋಡಲಿಲ್ಲ, ಒಂದು ಸಲವೂ ನೋಡಲಿಲ್ಲ. ನೋಡಿದ್ದರೆ ನಾನು ಹೇಳುತ್ತಿದ್ದೆನೋ ಏನೋ. "ನಂದು ಸಾರ್, ಹಾಕ್ಸಿದ್ದು ನಾನು, ಇಡೀ ರಾತ್ರಿ ಇರಲಿ ಅಂದದ್ದೂ ನಾನು." ಇಷ್ಟೇ ಮಾತು. ನಾಲಿಗೆ ತುದಿಯವರೆಗೂ ಬಂತು. ಮಗಳು ಕಣ್ಣ ಮುಂದೆ ಬಂದಳು, ಅತ್ತೆ ಬಂದರು, "ನೋಡೋಣ" ಅಂದಿದ್ದ ಕೆಲಸ ಬಂತು. ಬಕೆಟ್ಟು ಎತ್ತಿಕೊಂಡು ಹೊರಗೆ ಹೋದೆ. ಬಾವಿಕಟ್ಟೆಯವರೆಗೂ ಆ ನಗು ಕೇಳಿಸುತ್ತಿತ್ತು.

ಎರಡು ವಾರಕ್ಕೆ ವರ್ಗದ ಕಾಗದ ಬಂತು. ಎಲ್ಲೋ ದೂರದ ಒಂದು ಸಣ್ಣ ಊರು, ಪರದೆ ಇಲ್ಲ, ಕಂಪ್ಯೂಟರಿಲ್ಲ. ಗೋಡೌನು ನೋಡಿಕೊಳ್ಳುವ ಕೆಲಸ. ಬೆಳಗಿನ ರೈಲಿಗೆ ಹೊರಟರು. ಆಫೀಸಿನಿಂದ ಒಬ್ಬರೂ ಬರಲಿಲ್ಲ. ನಾನು ಒಗ್ಗರಣೆ ಅವಲಕ್ಕಿ ಕಟ್ಟಿಕೊಂಡು ಹೋದೆ, ಈರುಳ್ಳಿ ಹಾಕದೆ. ಪ್ಲಾಟ್‌ಫಾರಂ ಕೊನೆಯಲ್ಲಿ ಒಂದು ಟ್ರಂಕು, ಅದರ ಮೇಲೆ ಅವರು.

"ಸಾರ್, ನಾನು ಅವತ್ತು ಬಾಯಿ ಬಿಡಬೇಕಿತ್ತು."

"ಬಿಟ್ಟಿದ್ರೆ ಇಬ್ಬರೂ ಹೋ‌ಗ್ತಿದ್ವಿ. ಒಬ್ಬರು ಸಾಕು ಬಿಡಿ."

"ಆನೆ ಮುಗೀಲಿಲ್ಲ."

"ಸೊಂಡಿಲು ಬಾಕಿ." ನಕ್ಕರು. ಆಮೇಲೆ ರೈಲು ಬರೋದು ಕಂಡು ಎದ್ದು ನಿಂತು, ಬಹಳ ದಿನದಿಂದ ಹೇಳಬೇಕು ಅಂತಿದ್ದವರ ಹಾಗೆ ಹೇಳಿದರು. "ಅಮ್ಮಾ, ಗಾಜು ಕೆಡುತ್ತೆ. ನೆಲ ಕೆಡಲ್ಲ. ಮನೆ ಮುಂದೆ ಹಾಕಿ."

ಅವರು ಹೋದ ಮೇಲೆ ಅದೇ ಪರದೆಯನ್ನೇ ಇಟ್ಟುಕೊಂಡರು, ಕೆಲಸಕ್ಕೇನೂ ತೊಂದರೆ ಇಲ್ಲ ಅಂತ. ಬೇರೊಬ್ಬರು ಬಂದು ಕೂತರು. ನಾನು ದಿನಾ ಬೆಳಿಗ್ಗೆ ಅದರ ಧೂಳು ಒರೆಸುತ್ತಿದ್ದೆ. ಯಂತ್ರ ಆರಿಸಿದ್ದಾಗ ಕಿಟಕಿ ಬಿಸಿಲು ಬಿದ್ದರೆ ಹೂವು ಚೆನ್ನಾಗಿ ಕಾಣುತ್ತಿತ್ತು. ಮಾತಾಡುವವರಿಲ್ಲದ ಆ ಕೋಣೆಯಷ್ಟು ಖಾಲಿ ಜಾಗ ನಾನು ಮತ್ತೆಲ್ಲೂ ಕಾಣಲಿಲ್ಲ.

ಒಂದು ದಿನ ಅತ್ತೆ ಆಫೀಸಿಗೇ ಬಂದರು. ಮಗುವಿಗೆ ಜ್ವರ ಜಾಸ್ತಿಯಾಗಿದೆ, ಬಾ ಅಂತ ಕರೆಯಲು. ನಾನು ಕೈ ತೊಳೆದು ಬರುವಷ್ಟರಲ್ಲಿ ಅವರು ಪರದೆ ಮುಂದೆ ನಿಂತಿದ್ದರು.

"ಇದೇನೇ, ಟೀವಿ ಮ್ಯಾಲೆ ರಂಗೋಲಿ? ಯಾರಿಕ್ಕಿದ್ದು?"

"ನಾನೇ ಅತ್ತೆ."

ಸಾಹೇಬರ ಮುಂದೆ ಬಾರದ ಮಾತು ಅತ್ತೆ ಮುಂದೆ ಹೇಗೆ ಬಂತೋ. ಮನೆಗೆ ಹೋಗುವ ದಾರಿ ಪೂರ್ತಿ ಎಲ್ಲ ಹೇಳಿದೆ. ಅವರು ಕೇಳುತ್ತಾ ನಡೆದರು. ಮನೆ ಹತ್ತಿರ ಬಂದಾಗ ನಿಂತರು.

"ಆವಯ್ಯನ್ನ ಕಳಿಸ್ಬುಟ್ರಾ?"

"ಹೂಂ."

"ನೀನು ಬಾಯಿ ಬಿಡ್ನಿಲ್ವಾ?"

"ಇಲ್ಲ."

"ಥೂ, ನಮ್ಮ ಬಾಳೇ," ಅಂದರು. ನನಗೆ ಅಂದರೋ, ತಮಗೆ ಅಂದುಕೊಂಡರೋ ತಿಳಿಯಲಿಲ್ಲ. ಮಗುವಿಗೆ ಜ್ವರ ಇಳಿಯಿತು. ನಾಲ್ಕು ದಿನ ನನ್ನ ಹತ್ತಿರ ಮಾತಿಲ್ಲ. ಐದನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ನೆಲ ಆಗಲೇ ಸಾರಿಸಿತ್ತು. ಹೊಸ್ತಿಲ ಮೇಲೆ ಕರಟ, ಹೊಸ ಪುಡಿ. ಅತ್ತೆ ಒಳಗಿಂದಲೇ ಕೂಗಿ ಹೇಳಿದರು. "ಬೀದೀಲಿ ಹೋಗೋರು ಏನಾರ ಅಂದ್ರೆ ನನ್ನ ಕರಿ."

ಒಂದಿಬ್ಬರು ಅಂದರು. ಅತ್ತೆಯನ್ನು ಕರೆದೆ. ಮತ್ತೆ ಯಾರೂ ಅನ್ನಲಿಲ್ಲ!

ಇದನ್ನು ಸಾರ್‌ಗೆ ತಿಳಿಸಬೇಕು, ಕಾಲು ಮುಟ್ಟಿ ಹೇಳಬೇಕು ಅಂತ ಎಷ್ಟು ಸಲ ಅಂದುಕೊಂಡೆ. ಬಸ್ತಿಹಳ್ಳಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ ದಾರಿ. ಒಂದು ಸಲ ಹೋದೆ, ಮನೆಗೆ ಬೀಗ ಇತ್ತು. ಆಮೇಲೆ ಮಗಳ ಸ್ಕೂಲು, ಅತ್ತೆಯ ಕಾಯಿಲೆ, ನನ್ನ ಕೆಲಸ ಕಾಯಂ ಆದದ್ದು, ಮಗಳ ಮದುವೆ. ನಾಚಿಕೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಎದುರಿಗೆ ನಿಂತು ಏನಂತ ಮುಖ ತೋರಿಸುವುದು? ಮುಂದಿನ ವರ್ಷ, ಮುಂದಿನ ವರ್ಷ ಅಂತ ತಳ್ಳಿದೆ.

ಹೋದ ವರ್ಷ ಮಗಳು ಬಸುರಿ ಅಂತ ಗೊತ್ತಾದ ವಾರವೇ ಹೊರಟುಬಿಟ್ಟೆ. ಇಷ್ಟು ದೊಡ್ಡ ಸಂತೋಷ ಇಟ್ಟುಕೊಂಡು ಇನ್ನು ಹೆದರುವುದು ಯಾರಿಗೆ ಅಂತ. ಬಸ್ತಿಹಳ್ಳಿಯಲ್ಲಿ ಬಸದಿ ಎದುರಿನ ಪೆಟ್ಟಿಗೆ ಅಂಗಡಿಯವರನ್ನು ಕೇಳಿದೆ.

"ಅವರಾ? ಹೋಗಿ ಎರಡು ವರ್ಷ ಆಯ್ತಲ್ಲಮ್ಮ. ನೀವು ಏನಾಗಬೇಕು?"

ಏನಾಗಬೇಕು ಅಂತ ಹೇಳಲಿ? ಅಲ್ಲೇ ಕಟ್ಟೆಯ ಮೇಲೆ ಕೂತೆ. ಅಂಗಡಿಯವರು ನೀರು ಕೊಟ್ಟು ಹೇಳಿದರು. ರಿಟೈರಾದ ಮೇಲೆ ಸಾರ್ ಊರಿಗೇ ಬಂದಿದ್ದರಂತೆ. ಒಂಬತ್ತು ವರ್ಷ ಅದೇ ಮನೆಯಲ್ಲಿ ಒಬ್ಬರೇ. ಹೊತ್ತು ಮುಳುಗೋ ಮುಂಚೆ ಊಟ ಮಾಡಿ ಜಗುಲಿಯಲ್ಲಿ ಕೂರೋರಂತೆ. ಒಂದು ಸಂಜೆ ಕೂತವರು ಏಳಲಿಲ್ಲವಂತೆ. ಒಂಬತ್ತು ವರ್ಷ! ಒಂದೂವರೆ ಗಂಟೆ ದಾರಿಯಲ್ಲಿ ಒಂಬತ್ತು ವರ್ಷ ಇದ್ದರು, ನಾನು ಮುಂದಿನ ವರ್ಷ ಅನ್ನುತ್ತಿದ್ದೆ.

"ಯಾರಾದ್ರೂ ಬರ್ತಾರೆ ಅಂತ ದಾರಿ ನೋಡೋರಾ?" ಅಂತ ಕೇಳಿದೆ.

ಅವರು ಲೋಟ ವಾಪಸು ತಗೊಂಡು ಹೇಳಿದರು. "ಇಲ್ಲಮ್ಮ. ಯಾರ ದಾರೀನೂ ನೋಡ್ತಿರಲಿಲ್ಲ."

ನೋಡುತ್ತಿದ್ದರು ಅಂದಿದ್ದರೆ ಇಷ್ಟು ಅಳು ಬರುತ್ತಿರಲಿಲ್ಲ.

ಅವರಿಗೆ ಹೇಳಬೇಕಾದದ್ದು ನನ್ನ ಹತ್ತಿರವೇ ಉಳಿಯಿತು. ಅವತ್ತು ನಕ್ಕವರಲ್ಲಿ ಎಷ್ಟು ಜನ ಇದ್ದಾರೋ ಇಲ್ಲವೋ. ಆ ದೊಡ್ಡ ಸಾಹೇಬರು ಎಲ್ಲಿದ್ದಾರೋ. ಯಾರ ಕಣ್ಣಿಗಾದರೂ ಇದು ಬಿದ್ದರೆ ಓದಿಕೊಳ್ಳಲಿ. ನೀವು ಯಾರು ಹಾಕಿದ್ದು ಅಂತ ಕೇಳಿದಿರಿ ಸಾಹೇಬರೇ. ನಾನು ಅಲ್ಲೇ ಬಾಗಿಲ ಪಕ್ಕ ಇದ್ದೆ. ಆ ರಂಗೋಲಿ ಅವರದ್ದಲ್ಲ. ನಂದು.